ಅರ್ಧ ಬೆರಳಿಗೊಂದು ಕೀ

ಅತ್ತಿಗೆ ನನ್ನ ಅಂಗಡಿಗೆ ಬಂದಾಗ ನಾನು ಒಂದು ಗೋಡೆ ಗಡಿಯಾರದ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದೆ. ಬಾಗಿಲಲ್ಲೇ ನಿಂತು "ಏನೇ, ಇವತ್ತು ಯಾರ ಟೈಮ್ ಕೆಟ್ಟಿದೆ?" ಎಂದು ಕೇಳುವುದು ಅವರ ವಾಡಿಕೆ. ಅಂದು ಕೇಳಲಿಲ್ಲ. ಸ್ಟೂಲು ಎಳೆದುಕೊಂಡು ಕೂತು, ರಿಪೇರಿಗೆ ತಂದ ಸಾಮಾನು ಇಡುವ ಹಾಗೆ ಬಲಗೈಯನ್ನು ಬಿಡಿ ಚಕ್ರಗಳ ಪಕ್ಕದಲ್ಲಿ ಇಟ್ಟರು.

"ನೋಡು," ಎಂದರು. "ಇದರಲ್ಲಿ ಎಷ್ಟು ಕೆಲಸಕ್ಕೆ ಬರುತ್ತೆ ಹೇಳು."

ಬ್ಯಾಂಡೇಜು ಬಿಚ್ಚಿ ಎರಡು ವಾರವಾಗಿತ್ತು. ಕಿರುಬೆರಳು ಬುಡದಿಂದಲೇ ಹೋಗಿತ್ತು. ಉಂಗುರಬೆರಳು ನಡುಗೆಣ್ಣಿನವರೆಗೆ ಉಳಿದಿತ್ತು. ಅದರ ತುದಿಯ ಚರ್ಮ ಇನ್ನೂ ಕೆಂಪಗೆ, ಎಳೆಯದಾಗಿ ಹೊಳೆಯುತ್ತಿತ್ತು.

ಅತ್ತಿಗೆ ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿ. ಸಾಕ್ಷಿ ಕಟಕಟೆಯಲ್ಲಿ ನಿಂತು ಏನು ಹೇಳುತ್ತಾನೋ ಅದನ್ನು ಹೇಳಿದ ಹಾಗೆಯೇ, ಹೇಳಿದ ಹೊತ್ತಿನಲ್ಲೇ ಟೈಪ್ ಮಾಡುವ ಕೆಲಸ. ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದರು. ಬೆರಳು ಕೀಗಳ ಮೇಲೆ ಓಡುತ್ತಿದ್ದರೆ ಕಣ್ಣು ಸಾಕ್ಷಿಯ ಬಾಯಿಯ ಮೇಲಿರುತ್ತಿತ್ತು. ಮೂರು ತಿಂಗಳ ಹಿಂದೆ ಅವರನ್ನು ದಾಖಲೆ ಕೋಣೆಯಿಂದ ಹಳೆಯ ಕಡತವೊಂದನ್ನು ತರಲು ಕಳಿಸಿದರು. ಅದು ಅವರ ಕೆಲಸವಲ್ಲ. ತರಬೇಕಾದವನು ರಜೆ ಹಾಕಿದ್ದ. ಅಲ್ಲಿ ಹಳಿಯ ಮೇಲೆ ಸರಿಯುವ ಕಬ್ಬಿಣದ ಕಪಾಟುಗಳಿವೆ, ಒಂದೊಂದೂ ಆನೆಯಷ್ಟು ಭಾರ. ಒಂದರ ತಡೆಗೂಟ ಮುರಿದುಹೋಗಿತ್ತು. ಅತ್ತಿಗೆ ಕಡತಕ್ಕೆ ಕೈ ಹಾಕಿದ್ದಾಗ ಅದು ತಾನಾಗಿಯೇ ಸರಿದು ಬಂತು.

ಅಲ್ಲಿನ ಆಡಳಿತಾಧಿಕಾರಿಯನ್ನು ಕಚೇರಿಯವರೆಲ್ಲ ಬೆನ್ನ ಹಿಂದೆ ಷರಾ ಸಾಹೇಬರು ಎನ್ನುತ್ತಾರೆ. ಯಾವ ಕಾಗದ ಬಂದರೂ ಅಂಚಿನಲ್ಲೊಂದು ಷರಾ ಗೀಚದೆ ಮುಂದೆ ಕಳಿಸುವವರಲ್ಲ. ಅಪಘಾತದ ವರದಿಯ ಅಂಚಿನಲ್ಲಿ ಅವರು "ನೌಕರರ ಅಜಾಗರೂಕತೆ" ಎಂದು ಬರೆದಿಟ್ಟಿದ್ದರು. ಅತ್ತಿಗೆ ನನ್ನ ಅಂಗಡಿಗೆ ಬಂದ ದಿನ ಬೆಳಿಗ್ಗೆ ಅವರನ್ನು ಕರೆದು, ನಾಳೆಯಿಂದ ರವಾನೆ ವಿಭಾಗಕ್ಕೆ ಹೋಗಿ ಎಂದಿದ್ದರು.

"ಲಕೋಟೆಗೆ ಅಂಟು ಹಚ್ಚೋದಕ್ಕೆ ಎಂಟೂವರೆ ಬೆರಳು ಧಾರಾಳವಾಗಿ ಸಾಕಂತೆ," ಎಂದರು ಅತ್ತಿಗೆ.

"ನೀವೇನಂದ್ರಿ?"

"ಟೈಪಿಂಗ್ ಬರುತ್ತೋ ಇಲ್ವೋ ಪರೀಕ್ಷೆ ಮಾಡದೆ ತೀರ್ಮಾನ ಮಾಡೋಕೆ ನೀವ್ಯಾರು ಅಂದೆ."

"ಹಾಗೇ ಅಂದ್ರಾ?"

"ಸ್ವಲ್ಪ ಮರ್ಯಾದೆ ಬೆರೆಸಿ ಅಂದೆ."

ಆ ಮರ್ಯಾದೆ ಎಷ್ಟಿತ್ತೋ ದೇವರೇ ಬಲ್ಲ. ಷರಾ ಸಾಹೇಬರು ಒಂದು ಸಮಿತಿಯ ಮುಂದೆ ವಿಷಯ ಇಡುವುದಾಗಿ ಹೇಳಿದ್ದರು. ಏಳು ವಾರ ಟೈಮು. ಅಲ್ಲಿಯವರೆಗೆ ರವಾನೆ ವಿಭಾಗವೇ.

ಅಂದು ಸಂಜೆ ಮನೆಯಲ್ಲಿ ಅಣ್ಣ ಈ ಸುದ್ದಿ ಕೇಳಿ ನಿಟ್ಟುಸಿರು ಬಿಟ್ಟ. ಅಣ್ಣ ಬಸ್ಸು ಓಡಿಸುತ್ತಾನೆ. ಅಷ್ಟು ದೊಡ್ಡ ಬಸ್ಸನ್ನು ಸಂದಿಯಲ್ಲಿ ತಿರುಗಿಸುವ ಮನುಷ್ಯ, ಮನೆಯೊಳಗೆ ಜಗಳವೆಂದರೆ ಬ್ರೇಕ್ ಮೇಲೆಯೇ ಕಾಲಿಟ್ಟಿರುತ್ತಾನೆ.

"ಅದೇ ಸಂಬಳ, ಅದೇ ಕಚೇರಿ. ಆರಾಮಾಗಿ ಕೂತು ಲಕೋಟೆ ಅಂಟಿಸಿದ್ರೆ ಏನು ಕಳ್ಕೋತೀಯ? ಇಷ್ಟು ವರ್ಷ ದುಡಿದಿದ್ದು ಸಾಲ್ದಾ?"

ಅತ್ತಿಗೆ ಎಡಗೈಯಲ್ಲಿ ಲೋಟ ಹಿಡಿದು ನೀರು ಕುಡಿದು ಕೆಳಗಿಟ್ಟರು. "ನಾಳೆ ನಿಮ್ಮ ಸ್ಟೇರಿಂಗ್ ಕಿತ್ಕೊಂಡು, ಅದೇ ಬಸ್ಸು, ಅದೇ ಸಂಬಳ, ಆರಾಮಾಗಿ ಹಿಂದೆ ಕೂತ್ಕೊಂಡು ಕಿಟಕಿ ಒರೆಸ್ರಿ ಅಂದ್ರೆ ಒರೆಸ್ತೀರಾ?"

ಅಣ್ಣ ಎದ್ದು ಹೋಗಿ ಒಣಗಿದ ಬಟ್ಟೆ ಮಡಚತೊಡಗಿದ. ಅದು ಅವನ ಸೋಲೊಪ್ಪಿಕೊಳ್ಳುವ ರೀತಿ.

ಕಚೇರಿಯ ಕೀಬೋರ್ಡಿನ ಮೇಲೆ ಅತ್ತಿಗೆ ಆಗಲೇ ಕೈಯಿಟ್ಟು ನೋಡಿದ್ದರು. ಬಲಗಡೆಯ ಅಂಚಿನ ಕೀಗಳೆಲ್ಲ ಅನಾಥವಾಗಿದ್ದವು. ನಡುಬೆರಳನ್ನು ಅಲ್ಲಿಗೆ ಚಾಚಿದರೆ ಇಡೀ ಕೈ ಜಾಗ ಬಿಟ್ಟು ಕದಲುತ್ತಿತ್ತು. ಇದಕ್ಕಿಂತ ಕಷ್ಟದ್ದು ಇನ್ನೊಂದಿತ್ತು. "ಇಲ್ಲದ ಬೆರಳು ಒತ್ತುತ್ತೆ ಕಣೇ," ಎಂದು ನನಗೆ ಮಾತ್ರ ಹೇಳಿದ್ದರು. "ಒತ್ತಿದೆ ಅಂತ ನನಗೆ ಗೊತ್ತಾಗುತ್ತೆ. ಪರದೆ ನೋಡಿದ್ರೆ ಅಕ್ಷರ ಬಿದ್ದಿರೋದಿಲ್ಲ."

ನನ್ನ ಅಂಗಡಿಯಲ್ಲಿ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನಾನೇ ಬಿಡಿಭಾಗ ತರಿಸಿ ಜೋಡಿಸಿದ್ದ ಒಂದು ಪುಟ್ಟ ಕಂಪ್ಯೂಟರಿತ್ತು. ದಪ್ಪ ಪುಸ್ತಕದಷ್ಟು ದೊಡ್ಡ ಡಬ್ಬಿ. ಮುಚ್ಚಳದಲ್ಲಿ ಅಗಲ ಕಿರಿದಾದ ಪರದೆ, ತಳದಲ್ಲಿ ಕೀಬೋರ್ಡು, ಅದರಡಿ ಬ್ಯಾಟರಿ, ಬೋರ್ಡು ಎಲ್ಲ. ಹವ್ಯಾಸಕ್ಕೆ ಮಾಡಿದ್ದು. ಅಣ್ಣ ಅದನ್ನು ಬುತ್ತಿ ಡಬ್ಬಿ ಎಂದು ಹಾಸ್ಯ ಮಾಡುತ್ತಿದ್ದ. ಅದರ ಕೀಬೋರ್ಡು ಮಾತ್ರ ಹಾಸ್ಯದ್ದಲ್ಲ. ಕಚೇರಿಯ ಅಗ್ಗದ ಕೀಬೋರ್ಡುಗಳಲ್ಲಿ ಎಲ್ಲ ಕೀಗಳ ಕೆಳಗೂ ಒಂದೇ ರಬ್ಬರ್ ಹಾಳೆ ಇರುತ್ತದೆ. ಇದರಲ್ಲಿ ಒಂದೊಂದು ಕೀಗೂ ಅದರದೇ ಸ್ವಿಚ್ಚು, ಒಂದೊಂದು ಸ್ವಿಚ್ಚಿನೊಳಗೂ ಒಂದು ಸ್ಪ್ರಿಂಗು. ಬೇಡವಾದರೆ ಹಲ್ಲು ಕೀಳುವ ಹಾಗೆ ಒಂದನ್ನೇ ಕಿತ್ತು ಬೇರೆಯದನ್ನು ಕೂರಿಸಬಹುದು. ಯಾವ ಕೀ ಒತ್ತಿದರೆ ಯಾವ ಅಕ್ಷರ ಬೀಳಬೇಕೆಂಬುದನ್ನೂ ನಾವೇ ಬರೆದು ತುಂಬಬಹುದು.

ಅತ್ತಿಗೆ ಅದನ್ನು ಒತ್ತಿ ನೋಡಿದರು. ಟಕ್ ಎಂದಿತು.

"ಇದು ನನಗೆ ಬೇಕು," ಎಂದರು. ಕೊಡ್ತೀಯಾ ಎಂದು ಕೇಳಲಿಲ್ಲ.

ಮೊದಲ ಎರಡು ವಾರ ನಾವು ಮಾಡಿದ್ದೆಲ್ಲ ದಂಡವಾಯಿತು. ಕಳೆದುಹೋದ ಬೆರಳುಗಳ ಕೀಗಳನ್ನೆಲ್ಲ ನಾನು ಒಂದೊಂದು ಮನೆ ಒಳಕ್ಕೆ ಸರಿಸಿದೆ. ಆಗ ಮಿಕ್ಕ ಕೀಗಳೂ ಸರಿಯಬೇಕಾಯಿತು. ಇಪ್ಪತ್ತೆರಡು ವರ್ಷದ ಅಭ್ಯಾಸ ಅಡಿಮೇಲಾಗಿ, ಅತ್ತಿಗೆಯ ಎಡಗೈ ಕೂಡ ದಾರಿ ತಪ್ಪಿತು. ಒಂದು ಮಧ್ಯಾಹ್ನ ಅವರು ಅರ್ಧ ಪುಟ ಟೈಪ್ ಮಾಡಿ, ಓದಿ ನೋಡಿ, ಡಬ್ಬಿಯ ಮುಚ್ಚಳ ಪಟಾರನೆ ಹಾಕಿದರು.

"ಚೆನ್ನಾಗಿರೋ ಎಂಟು ಬೆರಳನ್ನ ಯಾಕೇ ಹಾಳು ಮಾಡ್ತಿದೀಯ? ಅವುಗಳ ಜಾಗದಲ್ಲಿ ಅವಿರಲಿ. ಮೊದಲು ಸೋಮಾರಿಗಳು ಯಾರು ನೋಡು."

ಸೋಮಾರಿಗಳು ಹೆಬ್ಬೆರಳುಗಳು. ಎರಡೂ ಸೇರಿ ಇಡೀ ದಿನ ಮಾಡುವುದು ಒಂದೇ ಕೆಲಸ, ಪದಗಳ ನಡುವೆ ಜಾಗ ಬಿಡುವುದು. ಅದಕ್ಕೆ ಗೇಣುದ್ದದ ಒಂದು ಪಟ್ಟಿ. ನಾನು ಆ ಪಟ್ಟಿಯನ್ನು ಕಿತ್ತೆ. ಅದರಡಿಯ ತಗಡಿನಲ್ಲಿ ಹೊಸ ತೂತು ಕೊರೆದು, ತಂತಿ ಬೆಸೆದು, ಪಟ್ಟಿಯ ಜಾಗದಲ್ಲಿ ನಾಲ್ಕು ಪುಟ್ಟ ಕೀಗಳನ್ನು ಕೂರಿಸಿದೆ. ಒಂದು ಜಾಗ ಬಿಡಲು, ಒಂದು ಅಳಿಸಲು, ಒಂದು ಹೊಸ ಸಾಲಿಗೆ. ನಾಲ್ಕನೆಯದನ್ನು ಎಡ ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ಬಲ ನಡುಬೆರಳಿನ ಕೀಗಳು ವೇಷ ಬದಲಿಸಿ ಕಿರುಬೆರಳಿನ ಅಕ್ಷರಗಳಾಗುತ್ತಿದ್ದವು. ನಡುಬೆರಳಿಗೆ ಈಗ ದುಪ್ಪಟ್ಟು ಕೆಲಸ ಬಿದ್ದದ್ದರಿಂದ ಅದರ ಸ್ವಿಚ್ಚುಗಳನ್ನು ಬಿಚ್ಚಿ ಹಗುರವಾದ ಸ್ಪ್ರಿಂಗು ಹಾಕಿದೆ. ಗಡಿಯಾರಕ್ಕೆ ಹಾಕುವ ಎಣ್ಣೆ ತೆಳುವಾಯಿತೆಂದು ಗಟ್ಟಿ ಗ್ರೀಸು ತಂದು, ಸೂಜಿಮೊನೆಯಷ್ಟೇ ಸವರಿದೆ. ಉಸಿರು ಬಿಟ್ಟರೆ ಒತ್ತಿಕೊಳ್ಳುವಷ್ಟು ಮೆತ್ತಗಾದಾಗ ಅತ್ತಿಗೆ ಬೇಡವೆಂದರು. "ಬೆರಳು ಸುಮ್ಮನೆ ಮಲಗಿದ್ರೂ ಅಕ್ಷರ ಬೀಳುತ್ತೆ. ಸ್ವಲ್ಪ ಜಗಳ ಆಡ್ಲಿ."

ಉಂಗುರಬೆರಳಿನ ವಿಷಯ ಉಳಿಯಿತು. ನಾನು ಅದನ್ನು ಲೆಕ್ಕದಿಂದಲೇ ಬಿಟ್ಟಿದ್ದೆ. ಎಳೆ ಚರ್ಮ, ನೋಯುತ್ತದೆ ಎಂದು.

"ಅದೇನು ಕೂತು ತಿನ್ನೋಕೆ ಬಂದಿದೆಯಾ?" ಎಂದರು ಅತ್ತಿಗೆ. "ಅರ್ಧ ಇದ್ರೆ ಅರ್ಧ ಕೆಲಸ ಮಾಡ್ಲಿ."

"ಕೀ ತನಕ ಮುಟ್ಟೋದಿಲ್ವಲ್ಲ ಅತ್ತಿಗೆ."

"ಅದು ಕೀ ಹತ್ರ ಹೋಗದಿದ್ರೆ ಕೀನೇ ಅದರ ಹತ್ರ ಬರ್ಲಿ."

ಹಳೆಯ ಗಡಿಯಾರವೊಂದರ ಮರದ ಚೌಕಟ್ಟು ಮೂಲೆಯಲ್ಲಿ ಬಿದ್ದಿತ್ತು. ಅದರಿಂದ ಒಂದು ತುಂಡು ಕತ್ತರಿಸಿ, ಕಮಾನಿನಂತೆ ಬಾಗಿದ ಒಂದು ಎತ್ತರದ ಟೊಪ್ಪಿಗೆ ಕೆತ್ತಿ ಆ ಕೀಗೆ ತೊಡಿಸಿದೆ. ಮೊದಲನೆಯದು ಗಿಡ್ಡವಾಯಿತು. ಎರಡನೆಯದರ ಅಂಚು ಚುಚ್ಚಿತು. ಐದನೆಯದನ್ನು ಅರದಿಂದ ಉಜ್ಜಿ, ಅವರ ಬೆರಳಿನ ತುದಿಯನ್ನು ಮೇಣದಲ್ಲಿ ಒತ್ತಿಸಿ ಅಚ್ಚು ತೆಗೆದು, ಅದೇ ಗುಂಡಿ ಬರುವಂತೆ ಕೊರೆದೆ. ಅತ್ತಿಗೆ ಅರ್ಧ ಬೆರಳನ್ನು ಅದರಲ್ಲಿಟ್ಟರು. ಒತ್ತಿದರು. ಟಕ್. ಪರದೆಯ ಮೇಲೆ ಅಕ್ಷರ ಬಿತ್ತು. ಇನ್ನೊಮ್ಮೆ ಒತ್ತಿದರು. ಆಮೇಲೆ ಇಡೀ ಸಾಲು ತುಂಬ ಅದೊಂದೇ ಅಕ್ಷರ ಒತ್ತುತ್ತಾ ಕೂತರು. ನಾನು ಮುಖ ತಿರುಗಿಸಿ, ಇಲ್ಲದ ಕೆಲಸ ಹುಡುಕಿಕೊಂಡು ಡ್ರಾಯರು ಕೆದಕಿದೆ.

ಆ ಬೆರಳಿನ ತುದಿಗೆ ಸ್ಪರ್ಶ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಆ ಟಕ್ ಸದ್ದೇ ಅದಕ್ಕೆ ಕಣ್ಣಾಯಿತು.

ಐದನೆಯ ವಾರದ ಹೊತ್ತಿಗೆ ಅತ್ತಿಗೆಯೇ ಕೀಗಳ ಕೆಲಸ ಬರೆಯುವುದನ್ನು ಕಲಿತುಬಿಟ್ಟಿದ್ದರು. ಒಂದು ದಿನ ಬಂದು ನೋಡಿದರೆ ಮೇಲಿನ ಸಾಲಿನ ಬಲತುದಿಯ ಕೀಯ ಮೇಲೆ ಕೆಂಪು ಬಣ್ಣ ಬಳಿದಿದ್ದರು. ಒತ್ತಿ ನೋಡಿದೆ. "ನನಗೆ ನೆನಪಿಲ್ಲ" ಎಂಬ ಇಡೀ ವಾಕ್ಯ ಒಮ್ಮೆಲೇ ಬಿತ್ತು.

"ಇದೇನತ್ತಿಗೆ?"

"ಇಪ್ಪತ್ತೆರಡು ವರ್ಷದಲ್ಲಿ ನಾನು ಅತಿ ಹೆಚ್ಚು ಸಲ ಟೈಪ್ ಮಾಡಿರೋದು ಇದನ್ನೇ. ಕಳ್ಳನೂ ಹೇಳ್ತಾನೆ, ಕಳಕೊಂಡವನೂ ಹೇಳ್ತಾನೆ. ಪ್ರತಿ ಸಲ ಅಷ್ಟುದ್ದ ಯಾಕೆ ಬಡಿಬೇಕು?"

ಸಮಿತಿಯ ದಿನ ನನ್ನನ್ನೂ ಬರಹೇಳಿದ್ದರು. ಯಂತ್ರಕ್ಕೆ ಏನೇನು ಮಾಡಿದ್ದೀರೆಂದು ಅದನ್ನು ಮಾಡಿದವರೇ ಹೇಳಬೇಕಂತೆ. ಉದ್ದನೆಯ ಕೋಣೆ, ಉದ್ದನೆಯ ಮೇಜು. ಮಧ್ಯದಲ್ಲಿ ಹಿರಿಯ ನ್ಯಾಯಾಧೀಶೆ, ಎಡಕ್ಕೆ ಸರ್ಕಾರಿ ವೈದ್ಯರು, ಬಲಕ್ಕೆ ಷರಾ ಸಾಹೇಬರು. ಅತ್ತಿಗೆ ಮೇಜಿನ ಈ ತುದಿಯಲ್ಲಿ ಡಬ್ಬಿ ತೆರೆದಿಟ್ಟರು. ವೈದ್ಯರು ಕತ್ತು ಚಾಚಿ ಮರದ ಟೊಪ್ಪಿಗೆಯನ್ನು ನೋಡಿದರು.

"ಇದಕ್ಕೆ ಅವಕಾಶ ಇಲ್ಲ," ಎಂದರು ಷರಾ ಸಾಹೇಬರು. "ಪರೀಕ್ಷೆ ಕಚೇರಿ ಕೀಬೋರ್ಡಿನಲ್ಲೇ ಆಗ್ಬೇಕು. ನಾಳೆ ಇನ್ನೊಬ್ರು ಮನೆಯಿಂದ ಪಿಯಾನೋ ತರ್ತಾರೆ."

ನ್ಯಾಯಾಧೀಶೆ ನಿಯಮದ ಪುಸ್ತಕ ಕೇಳಿದರು. ಷರಾ ಸಾಹೇಬರು ಅದನ್ನು ಹಿಂದಕ್ಕೂ ಮುಂದಕ್ಕೂ ಮಗುಚಿದರು. ಸುಸ್ಥಿತಿಯ ಯಂತ್ರದಲ್ಲಿ ಎಂದಷ್ಟೇ ಇತ್ತು. ಯಾರ ಯಂತ್ರ ಎಂದಿರಲಿಲ್ಲ.

"ಅಮ್ಮಾ, ಪರೀಕ್ಷೆಗೆ ಹತ್ತು ನಿಮಿಷದ ಪಾಠ ಓದ್ತಾರೆ," ಎಂದರು ನ್ಯಾಯಾಧೀಶೆ. "ತಯಾರಾ?"

ಅತ್ತಿಗೆ ಎದ್ದು ನಿಂತರು. "ಮೇಡಂ, ಪಾಠ ಓದಿಸಿ ಬರೆಸೋದು ಟೈಪಿಂಗ್ ಕಲಿಯೋರಿಗೆ. ನನ್ನ ಕೆಲಸ ಜನ ಮಾತಾಡಿದ್ದನ್ನ ಬರೆಯೋದು. ಇವತ್ತು ಈ ಕೋಣೆಯಲ್ಲಿ ನೀವೆಲ್ಲ ಮಾತಾಡ್ತೀರಲ್ಲ, ಅದನ್ನೇ ಬರೀತೀನಿ. ಈ ಸಭೆಯ ನಡಾವಳಿ ನನಗೇ ಬಿಡಿ. ತಪ್ಪಾದ್ರೆ ನಿಮ್ಮ ಕಣ್ಣೆದುರಿಗೇ ಇರುತ್ತೆ."

ನ್ಯಾಯಾಧೀಶೆ ಕನ್ನಡಕದ ಮೇಲಿನಿಂದ ಅವರನ್ನು ನೋಡಿದರು. "ಆಗ್ಲಿ, ಶುರು ಮಾಡಿ," ಎಂದರು.

ಅತ್ತಿಗೆ ಕೂತರು. ಟಕಟಕ ಶುರುವಾಯಿತು. ಸಮಿತಿಯವರು ಮೊದಲು ನನ್ನನ್ನು ಕೇಳಿದರು. ನಾನು ಸ್ಪ್ರಿಂಗು, ಗ್ರೀಸು, ತೂತು, ತಂತಿ ಎಂದು ತೊದಲಿದೆ. ನನ್ನ ತೊದಲೂ ದಾಖಲಾಗುತ್ತಿದೆ ಎಂದು ಹೊಳೆದು ಇನ್ನಷ್ಟು ತೊದಲಿದೆ. ಆಮೇಲೆ ವೈದ್ಯರು ಗಾಯದ ಬಗ್ಗೆ ಹೇಳಿದರು, ಗೆಣ್ಣು, ನರ, ಬಾಯಿಗೆ ಬಾರದ ಹೆಸರುಗಳು. ಅತ್ತಿಗೆಯ ಕಣ್ಣು ಅವರ ಬಾಯಿ ಬಿಟ್ಟು ಕದಲಲಿಲ್ಲ. ಎಡ ಹೆಬ್ಬೆರಳು ಒತ್ತಿ ಹಿಡಿಯುತ್ತಿತ್ತು, ಬಿಡುತ್ತಿತ್ತು. ಅರ್ಧ ಬೆರಳು ತನ್ನ ಮರದ ಟೊಪ್ಪಿಗೆಯ ಮೇಲೆ ಗುಬ್ಬಿಯ ಕೊಕ್ಕಿನಂತೆ ಕುಕ್ಕುತ್ತಿತ್ತು.

ವೈದ್ಯರು ಮಾತು ಮುಗಿಸಿ ಹಿಂದಕ್ಕೊರಗಿದಾಗ, ಷರಾ ಸಾಹೇಬರು ನ್ಯಾಯಾಧೀಶೆಯ ಹಿಂದಿನಿಂದ ವೈದ್ಯರ ಕಡೆ ವಾಲಿ ತಗ್ಗಿದ ದನಿಯಲ್ಲಿ ಏನೋ ಅಂದು ನಕ್ಕರು. ವೈದ್ಯರು ನಗಲಿಲ್ಲ. ಅತ್ತಿಗೆಯ ಕಣ್ಣು ಆಗಲೇ ಷರಾ ಸಾಹೇಬರ ಬಾಯಿಗೆ ಹಾರಿತ್ತು, ಟಕಟಕ ಒಂದು ಕ್ಷಣವೂ ನಿಲ್ಲಲಿಲ್ಲ.

ನ್ಯಾಯಾಧೀಶೆ ಅಪಘಾತದ ವರದಿ ತೆರೆದರು. "ದಾಖಲೆ ಕೋಣೆಗೆ ಹೋಗೋದು ಬೆರಳಚ್ಚುಗಾರರ ಕೆಲಸ ಅಲ್ವಲ್ಲ. ಇವರನ್ನ ಕಳಿಸಿದ್ಯಾರು?"

ಷರಾ ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ನನಗೆ ನೆನಪಿಲ್ಲ."

ಟಕ್.

ಒಂದೇ ಸದ್ದು. ನಾನು ಕೆಳತುಟಿ ಕಚ್ಚಿಕೊಂಡೆ.

"ಕಪಾಟಿನ ತಡೆಗೂಟ ಮುರಿದಿರೋದು ನಿಮಗೆ ಮೊದಲೇ ಗೊತ್ತಿತ್ತಾ?"

"ಅದೂ... ನನಗೆ ನೆನಪಿಲ್ಲ."

ಮತ್ತೆ ಟಕ್. ಷರಾ ಸಾಹೇಬರು ತಲೆಯೆತ್ತಿ ಡಬ್ಬಿಯ ಕಡೆ ನೋಡಿದರು. ತಾವು ಅಷ್ಟು ಹೇಳಿದ್ದಕ್ಕೆ ಅದು ಇಷ್ಟೇ ಸದ್ದು ಮಾಡಿತಲ್ಲ ಎಂಬ ಗೊಂದಲ ಮುಖದಲ್ಲಿತ್ತು.

ಅರ್ಧ ಗಂಟೆಯ ಮೇಲೆ ನ್ಯಾಯಾಧೀಶೆ ಕೈಯೆತ್ತಿದರು. "ಸಾಕು. ಓದಿ."

ಅತ್ತಿಗೆ ನಿಂತು ಓದಿದರು. ದನಿಯಲ್ಲಿ ಏರಿಳಿತವಿಲ್ಲ. ನ್ಯಾಯಾಲಯದಲ್ಲಿ ಕೊಲೆಯ ಹೇಳಿಕೆಯನ್ನೂ ಕೋಳಿ ಕಳುವಿನ ಹೇಳಿಕೆಯನ್ನೂ ಅವರು ಹಾಗೆಯೇ ಓದುತ್ತಾರಂತೆ. ನನ್ನ ತೊದಲು ಬಂತು. ವೈದ್ಯರ ನರಗಳು ಬಂದವು. ಆಮೇಲೆ ಬಂತು: "ಆಡಳಿತಾಧಿಕಾರಿಗಳು ವೈದ್ಯರಿಗೆ: ಮೋಟು ಕೈಗೆ ಎಷ್ಟು ಬಿನ್ನಾಣ ನೋಡಿ. ಕುಣಿಯೋಕೆ ಬಾರದವಳು ಅಂಗಳಾನೇ ಅಗೆದು ಬಂದಿದಾಳೆ."

ಷರಾ ಸಾಹೇಬರ ಕಿವಿಗಳು ಕೆಂಪಾದವು.

"ಅದು ನಡಾವಳಿಯ ಭಾಗ ಅಲ್ಲ! ಖಾಸಗಿಯಾಗಿ ಅಂದಿದ್ದು. ತೆಗೀರಿ ಅದನ್ನ!"

"ಸಭೆ ನಡೀತಿರುವಾಗ, ಈ ಮೇಜಿನ ಮುಂದೆ, ನನಗೆ ತಿಳಿಯೋ ಹಾಗೆ ಅಂದಿದ್ದು," ಎಂದರು ಅತ್ತಿಗೆ. "ಪೀಠದ ಆದೇಶ ಇಲ್ಲದೆ ನಾನು ಇವತ್ತಿನ ತನಕ ಒಂದಕ್ಷರ ತೆಗೆದಿಲ್ಲ. ಹತ್ತು ಬೆರಳಿದ್ದಾಗ್ಲೂ ತೆಗೆದಿಲ್ಲ, ಈಗ್ಲೂ ತೆಗೆಯೋದಿಲ್ಲ. ಮೇಡಂ ಹೇಳಿದ್ರೆ ತೆಗೀತೀನಿ."

ಎಲ್ಲರೂ ನ್ಯಾಯಾಧೀಶೆಯ ಕಡೆ ನೋಡಿದರು. ಅವರು ವೈದ್ಯರನ್ನು ಕೇಳಿದರು. "ಡಾಕ್ಟ್ರೇ, ಇವರು ಹಾಗಂದ್ರಾ?"

ವೈದ್ಯರು ಗಂಟಲು ಸರಿಮಾಡಿಕೊಂಡರು. "ಅಂದ್ರು. ಅಕ್ಷರಶಃ."

"ಹಾಗಾದ್ರೆ ಇರ್ಲಿ," ಎಂದರು ನ್ಯಾಯಾಧೀಶೆ. "ಮುಂದೆ ಓದಿ."

ಎರಡು ನೆನಪಿಲ್ಲಗಳನ್ನೂ ಓದಿಯಾಯಿತು. ಆಮೇಲೆ ಪ್ರತಿ ತೆಗೆದು ನೋಡಿದರು. ಮೂರು ತಪ್ಪು ಸಿಕ್ಕವು. ನಾಲ್ಕನೆಯದನ್ನು ಅತ್ತಿಗೆಯೇ ತೋರಿಸಿದರು. ವೈದ್ಯರು ಹೇಳಿದ ನರದ ಹೆಸರಿನಲ್ಲಿ ಎರಡು ಅಕ್ಷರ ಹಿಂದುಮುಂದಾಗಿದ್ದವು. "ಅದು ಯಂತ್ರದ ತಪ್ಪಲ್ಲ, ನನ್ನದು," ಎಂದರು. ವೇಗ ಬೇಕಾದ್ದಕ್ಕಿಂತ ಜಾಸ್ತಿಯೇ ಇತ್ತು. ಮೊದಲಿದ್ದಷ್ಟು ಇರಲಿಲ್ಲ. ಅದನ್ನು ಕೇಳಿದಾಗ ಅತ್ತಿಗೆಯ ದವಡೆ ಬಿಗಿಯಿತು, ಬೇರೆಯವರಿಗೆ ಗೊತ್ತಾಗಿರಲಿಕ್ಕಿಲ್ಲ.

ವರದಿಯ ಅಂಚಿನಲ್ಲಿದ್ದ "ಅಜಾಗರೂಕತೆ"ಯ ಮೇಲೆ ನ್ಯಾಯಾಧೀಶೆ ತಮ್ಮ ಕೈಯಲ್ಲೇ ಗೀಟು ಎಳೆದು ಸಹಿ ಮಾಡಿದರು. ಮೂರು ತಿಂಗಳು ಪ್ರಾಯೋಗಿಕವಾಗಿ ನಾಲ್ಕನೇ ನ್ಯಾಯಾಲಯದಲ್ಲಿ, ಈ ಯಂತ್ರದ ಸಮೇತ, ಎಂದು ಆದೇಶ ಬರೆಸಿದರು. ಆ ಆದೇಶವನ್ನೂ ಅತ್ತಿಗೆಯೇ ಟೈಪ್ ಮಾಡಿದರು. ಇಬ್ಬರು ಸಹಿ ಹಾಕಿದರು. ಷರಾ ಸಾಹೇಬರು ಹಾಕಲಿಲ್ಲ. ಇಬ್ಬರದು ಸಾಕಾಯಿತು.

ಹೊರಗೆ ಬಂದ ಮೇಲೆ, ಮೆಟ್ಟಿಲ ಮೇಲೆ ಅತ್ತಿಗೆ ಥಟ್ಟನೆ ಕೂತುಬಿಟ್ಟರು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡರು.

"ಭಯ ಆಗಿತ್ತಾ ಅತ್ತಿಗೆ?"

"ಭಯ ಅಲ್ವೇ. ಅವನು ಮೋಟು ಅಂದಾಗ ಆ ಪದ ಟೈಪ್ ಮಾಡೋದು ಅರ್ಧ ಬೆರಳಿಗೇ ಬಂತು. ಜೋರಾಗಿ ಒತ್ತಿದೆ. ಇನ್ನೂ ಉರೀತಿದೆ ನೋಡು." ಹೇಳುತ್ತಾ ಹೇಳುತ್ತಾ ಅವರಿಗೆ ನಗು ಬಂತು. ನನಗೂ ಬಂತು. ಹೋಗಿ ಬರುವ ವಕೀಲರು ನಮ್ಮನ್ನು ಸುತ್ತಿ ಬಳಸಿ ಮೆಟ್ಟಿಲು ಹತ್ತಿದರು.

ಕೆಲಸಕ್ಕೆ ಹೋದ ಮೊದಲ ವಾರದಲ್ಲೇ ಷರಾ ಸಾಹೇಬರಿಂದ ಪತ್ರ ಬಂತು. ಯಂತ್ರದ ಸದ್ದಿನಿಂದ ಕಲಾಪಕ್ಕೆ ಅಡ್ಡಿಯಾಗುತ್ತಿದೆ ಎಂದು ಅದರಲ್ಲಿತ್ತು. ಸದ್ದು ಮಾಡದ ಸ್ವಿಚ್ಚುಗಳೂ ಇವೆ, ಒಂದು ಮಧ್ಯಾಹ್ನದ ಕೆಲಸ, ಹಾಕಿಕೊಡ್ತೀನಿ ಎಂದೆ.

"ನಾಲ್ಕನೇ ಕೋರ್ಟಿನ ಜಡ್ಜು ಹೇಳ್ಲಿ, ಬದಲಾಯಿಸೋಣ. ಅವರು ಏನೂ ಅಂದಿಲ್ಲ. ಆ ಸದ್ದಿಲ್ಲದೆ ಈ ಬೆರಳಿಗೆ ಕಣ್ಣು ಕಾಣಲ್ಲ. ಇವರ ಕಿವಿಗೋಸ್ಕರ ನಾನು ಕುರುಡಾಗ್ಬೇಕಾ?" ಅತ್ತಿಗೆ ಅದನ್ನೇ ಸ್ವಲ್ಪ ಮರ್ಯಾದೆ ಬೆರೆಸಿ ಉತ್ತರವಾಗಿ ಬರೆದು ಕೊಟ್ಟರು. ಮುಂದಿನ ತಿಂಗಳು ಅಂಥದೇ ಪತ್ರ ಮತ್ತೆ ಬಂತು. ಅದೇ ಉತ್ತರ ಹೋಯಿತು.

ಮೂರು ತಿಂಗಳು ಮುಗಿದು ಕಾಯಂ ಆದೇಶ ಬಂದಾಗ ಅಣ್ಣ ಅದನ್ನು ಎರಡು ಸಲ ಓದಿ ಮಡಿಸಿ, ತನ್ನ ಡ್ರೈವಿಂಗ್ ಲೈಸೆನ್ಸಿನ ಜೊತೆ ಜೇಬಿನಲ್ಲಿಟ್ಟುಕೊಂಡ. ಇಡೀ ವಾರ ಅಲ್ಲೇ ಇತ್ತು. ಯಾರ್ಯಾರಿಗೆ ತೋರಿಸಿದನೋ ಗೊತ್ತಿಲ್ಲ.

ಇಷ್ಟಾಯಿತಲ್ಲ, ಇನ್ನು ನಾನು ನನ್ನ ಗಡಿಯಾರಗಳ ಜೊತೆ ನೆಮ್ಮದಿಯಾಗಿರಬಹುದು ಎಂದುಕೊಂಡಿದ್ದೆ. ಕಳೆದ ಶನಿವಾರ ಅತ್ತಿಗೆ ಮತ್ತೆ ಡಬ್ಬಿ ಹಿಡಿದುಕೊಂಡು ಬಂದರು. ತೋರುಬೆರಳಿನ ಸ್ವಿಚ್ಚುಗಳು ನಿಧಾನವಂತೆ, ಸ್ಪ್ರಿಂಗು ಬದಲಾಯಿಸಬೇಕಂತೆ.

"ಚೆನ್ನಾಗಿ ನಡೀತಿದೆಯಲ್ಲ ಅತ್ತಿಗೆ. ಯಾಕೆ ಮುಟ್ಟೋದು?"

"ಹಳೇ ವೇಗಕ್ಕೆ ನಿಮಿಷಕ್ಕೆ ಇನ್ನೂ ಒಂಬತ್ತು ಪದ ಬಾಕಿ ಇದೆ," ಎಂದರು ಸ್ಟೂಲು ಎಳೆದುಕೊಳ್ಳುತ್ತಾ. "ನಿನ್ನೆ ಒಬ್ಬ ಸಾಕ್ಷಿ ಬಂದಿದ್ದ, ಅಬ್ಬಾ, ಬಾಯಲ್ಲ ಅದು, ಹೊಲಿಗೆ ಮೆಷಿನ್ನು. ಒಂದು ಸಲ ನಿಧಾನವಾಗಿ ಹೇಳಪ್ಪ ಅನ್ಬೇಕಾಯ್ತು ನನಗೆ. ಇಪ್ಪತ್ತೆರಡು ವರ್ಷದಲ್ಲಿ ಯಾರಿಗೂ ಹಾಗಂದಿಲ್ಲ. ತೆಗಿ ಚಿಮಟ."

ನಾನು ಚಿಮಟ ತೆಗೆದುಕೊಂಡು ಮೊದಲ ಸ್ವಿಚ್ಚು ಕಿತ್ತೆ. "ಮೆಲ್ಲಗೆ ಕಣೇ," ಎಂದು ಅತ್ತಿಗೆ ಆಗಲೇ ಗದರಲು ಶುರು ಮಾಡಿದ್ದರು.